ನಷ್ಟವನ್ನು ಬೋರ್ಡಿನ ಮೇಲೆ ಬರೆದ ಹೋಟೆಲು

ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಎಂದೊಡನೆ ನಮಗೆ ನೆನಪಾಗುವುದು ರವೆ ಇಡ್ಲಿ, ಮಸಾಲೆ ದೋಸೆ, ಬೆಳ್ಳಿ ಲೋಟದ ಕಾಫಿ. ಆದರೆ ಸಣ್ಣದೋ ದೊಡ್ಡದೋ ಒಂದು ಹೋಟೆಲು ನಡೆಸುತ್ತಿರುವವರು ಈ ಮನೆಯಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಅಕ್ಕಿ ಸಿಗದ ಕಾಲವನ್ನೂ, ದರ ಏರಿಸುವಂತಿಲ್ಲದ ಕಾಲವನ್ನೂ ಅದು ತಿಂಡಿಯ ಗುಣ ಕೆಡಿಸದೆ ದಾಟಿ ಬಂದಿದೆ.

ಕರಾವಳಿಯ ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯಿಂದ ಅಡುಗೆ ಕೆಲಸ ಹುಡುಕಿಕೊಂಡು ಬಂದ ಮಯ್ಯ ಸಹೋದರರು 1924ರಲ್ಲಿ ಬ್ರಾಹ್ಮಿನ್ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ ಇದನ್ನು ಶುರು ಮಾಡಿದರು. ಅವರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ನೋಡಿ ಬಂದವರು. ತಟ್ಟೆ-ಲೋಟಗಳನ್ನು ಬಿಸಿ ಹಬೆಯಲ್ಲಿ ಶುದ್ಧ ಮಾಡುವ ಕ್ರಮವನ್ನು ಆಮೇಲೆ ಇಲ್ಲಿ ರೂಢಿಗೆ ತಂದರು. ಈಗಿರುವ ಜಾಗ, ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರು, ಎರಡೂ 1960ರಿಂದ ಈಚಿನವು.

ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಎರಡನೇ ಮಹಾಯುದ್ಧದಲ್ಲಿ. 1942ರಲ್ಲಿ ಬರ್ಮಾ ಜಪಾನಿನ ವಶವಾದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು, ಎಲ್ಲೆಡೆ ರೇಷನ್ ಬಂತು. ಇಡ್ಲಿಯನ್ನೇ ನಂಬಿದ್ದ ಹೋಟೆಲಿಗೆ ಅಕ್ಕಿಯೇ ಇಲ್ಲವೆಂದರೆ ಬಾಗಿಲು ಹಾಕಬೇಕು, ಇಲ್ಲವೇ ಬೇರೆ ದಾರಿ ಹುಡುಕಬೇಕು. ರವೆ ಇಡ್ಲಿ ಹುಟ್ಟಿದ್ದು ಆಗಲೇ, ನಮ್ಮ ಅಡುಗೆಮನೆಯಲ್ಲೇ ಎನ್ನುತ್ತಾರೆ ಎಂ.ಟಿ.ಆರ್.ನವರು. ಅದನ್ನು ಮಾಡುವ ಬಗೆಯನ್ನು ಸ್ವಲ್ಪ ನೋಡಿ. ತುಪ್ಪದಲ್ಲಿ ಸಾಸಿವೆ, ಕಡಲೆಬೇಳೆ, ಕರಿಬೇವು, ಗೋಡಂಬಿಯ ಒಗ್ಗರಣೆ. ಅದರಲ್ಲೇ ರವೆಯನ್ನು ಘಮ ಬರುವವರೆಗೆ ಹುರಿದು, ಆರಿದ ಮೇಲೆ ಹುಳಿ ಮೊಸರಿನಲ್ಲಿ ಕಲಸಿ, ಚಿಟಿಕೆ ಸೋಡಾ ಹಾಕಿ ಹಬೆಗಿಡುವುದು. ರಾತ್ರಿಯಿಡೀ ನೆನೆಹಾಕುವುದಿಲ್ಲ, ರುಬ್ಬುಗುಂಡಿನ ಕೆಲಸವಿಲ್ಲ, ಹುದುಗು ಬರಲೆಂದು ಕಾಯುವುದೂ ಇಲ್ಲ. ಅಕ್ಕಿ, ಸಮಯ, ಕೂಲಿ ಮೂರೂ ಒಂದೇ ಏಟಿಗೆ ಉಳಿದವು. ನನಗೆ ದೊಡ್ಡದೆನಿಸುವುದು ಅದಕ್ಕಿಂತ ಮುಂದಿನದು. ಹೇಗೂ ಅಭಾವದ ಕಾಲ, ಏನು ಕೊಟ್ಟರೂ ತಿನ್ನುತ್ತಾರೆ ಎಂದುಕೊಂಡು ಅವರು ತುಪ್ಪ, ಗೋಡಂಬಿಗೆ ಕತ್ತರಿ ಹಾಕಲಿಲ್ಲ. ಆದ್ದರಿಂದಲೇ ಅಕ್ಕಿ ಮತ್ತೆ ಸಿಕ್ಕ ಮೇಲೂ ಜನ ರವೆ ಇಡ್ಲಿಯನ್ನು ಬಿಡಲಿಲ್ಲ.

ಎರಡನೆಯ ಪೆಟ್ಟು ಬಂದದ್ದು 1975ರ ತುರ್ತು ಪರಿಸ್ಥಿತಿಯಲ್ಲಿ. ಹೋಟೆಲು ತಿಂಡಿಗಳಿಗೆ ಸರ್ಕಾರವೇ ದರ ಕಟ್ಟಿತು. ಆ ದರಕ್ಕೆ ಶುದ್ಧ ತುಪ್ಪ, ಒಳ್ಳೆಯ ಬೇಳೆ ಹಾಕಿದರೆ ಅಸಲೂ ಹುಟ್ಟದು. ಇಂಥ ಹೊತ್ತಿನಲ್ಲಿ ಏನು ಮಾಡಬಹುದು ಎಂಬುದು ಹೋಟೆಲಿನವರಿಗೆಲ್ಲ ಗೊತ್ತು: ಇಡ್ಲಿ ಚಿಕ್ಕದಾಗುತ್ತದೆ, ಸಾಂಬಾರು ತೆಳ್ಳಗಾಗುತ್ತದೆ, ತುಪ್ಪದ ಜಾಗಕ್ಕೆ ಡಾಲ್ಡಾ ಬರುತ್ತದೆ. ಎಂ.ಟಿ.ಆರ್. ಇದ್ಯಾವುದನ್ನೂ ಮಾಡಲಿಲ್ಲ. ಎಂದಿನ ತಿಂಡಿಯನ್ನೇ ಸರ್ಕಾರದ ದರಕ್ಕೆ ಬಡಿಸಿತು. ದಿನದ ಕೊನೆಗೆ ಆದ ನಷ್ಟವೆಷ್ಟು ಎಂದು ಬೋರ್ಡಿನ ಮೇಲೆ ಬರೆದು ಹೊರಗೆ ಹಾಕಿತು. ನಷ್ಟ ತಾಳಲಾರದೆ ಹೋದಾಗ ಹೋಟೆಲನ್ನೇ ಮುಚ್ಚಿತು.

ಆ ಬೋರ್ಡಿನ ಹಿಂದಿದ್ದ ಧೈರ್ಯಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ. ಕೈ ಕಚ್ಚುತ್ತಿರುವುದನ್ನು ಮುಚ್ಚಿಡುವುದೇ ವ್ಯಾಪಾರದಲ್ಲಿ ವಾಡಿಕೆ. ಇಲ್ಲಿ ಮಾಲೀಕರು ಗಿರಾಕಿಗಳನ್ನು ಮನೆಯವರಂತೆ ಕಂಡು ಲೆಕ್ಕವನ್ನು ಎದುರಿಗಿಟ್ಟರು.

ಆದರೆ ಬಾಗಿಲು ಹಾಕಿದರೆ ಕೆಲಸಗಾರರ ಗತಿ? ಒಲೆಯ ಮುಂದೆ ವರ್ಷಗಟ್ಟಲೆ ನಿಂತವರ ಕೈಯಲ್ಲಿ ಒಂದು ವಿದ್ಯೆಯಿತ್ತು: ಧನಿಯವನ್ನು ಎಷ್ಟು ಹುರಿಯಬೇಕು, ಮೆಂತ್ಯ ಯಾವಾಗ ಕಹಿಯಾಗುತ್ತದೆ, ಮೆಣಸಿನಕಾಯಿ ಎಲ್ಲಿ ಕಮರುತ್ತದೆ. ತಿಂಡಿಗೆ ದರ ಕಟ್ಟಿದ್ದರೇನು, ಪುಡಿ ಮಾರಬಹುದಲ್ಲ. ಸಾಂಬಾರು ಪುಡಿ, ಸಾರಿನ ಪುಡಿ, ರವೆ ಇಡ್ಲಿ ಮಿಕ್ಸ್‌ಗಳನ್ನು ಪೊಟ್ಟಣ ಕಟ್ಟಿ ಮಾರುವ ಕೆಲಸಕ್ಕೆ ಆ ಕೈಗಳೇ ಆಧಾರವಾದವು. ಇವತ್ತು ಅಂಗಡಿ ಅಂಗಡಿಯಲ್ಲಿ ಕಾಣುವ ಎಂ.ಟಿ.ಆರ್. ಪೊಟ್ಟಣಗಳ ವ್ಯಾಪಾರ ಬೆಳೆದದ್ದು ಹೀಗೆ.

ಅಂಥದೇ ಪೆಟ್ಟು ಬಿದ್ದ 2020ರ ಲಾಕ್‌ಡೌನಿನಲ್ಲಿ ನಮ್ಮ ಊರೂರಿನ ದರ್ಶಿನಿ, ಖಾನಾವಳಿಗಳು ಪಾರ್ಸೆಲ್ ನೆಚ್ಚಿಕೊಂಡು ಉಸಿರಾಡಿದವು, ಎಷ್ಟೋ ಕಡೆ ಬಾಗಿಲು ಮತ್ತೆ ತೆರೆಯಲೇ ಇಲ್ಲ. ಬಾಡಿಗೆ, ಸಿಲಿಂಡರು, ಕಾಫಿ ಪುಡಿ ಎಲ್ಲದರ ಬೆಲೆಯೂ ಏರುತ್ತಿರುವಾಗ ಖರ್ಚು ಕಡಿಮೆ ಮಾಡಲೆಂದು ಮಾಲೀಕರ ಕಣ್ಣು ಮೊದಲು ಹೋಗುವುದು ಭಟ್ಟರ ಸಂಬಳದ ಮೇಲೆ. ಅದು ಕೊನೆಯಲ್ಲಿ ಮುಟ್ಟಬೇಕಾದ ಖರ್ಚು ಎಂದೇ ನನ್ನ ಎಣಿಕೆ. ಮೇಜು-ಕುರ್ಚಿಯನ್ನು ನಾಳೆಯೂ ಕೊಳ್ಳಬಹುದು, ಒಲೆಯ ಮುಂದೆ ಪಳಗಿದ ಕೈ ಒಮ್ಮೆ ಊರು ಬಿಟ್ಟರೆ ಮತ್ತೆ ಸಿಗುವುದಿಲ್ಲ.

ತುರ್ತು ಪರಿಸ್ಥಿತಿಯಲ್ಲಿ ಮುಚ್ಚಿದ್ದ ಲಾಲ್‌ಬಾಗ್ ರಸ್ತೆಯ ಹೋಟೆಲು ಕೆಲವು ವರ್ಷಗಳ ನಂತರ ಮತ್ತೆ ತೆರೆಯಿತು. ಪೊಟ್ಟಣಗಳ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆ ಕೊಂಡುಕೊಂಡಿತು. ಹೋಟೆಲು ಮಾತ್ರ ಮಯ್ಯ ಕುಟುಂಬದ ಕೈಯಲ್ಲೇ ಉಳಿದು, ಸಿಂಗಪುರ, ದುಬೈಗಳಲ್ಲೂ ಶಾಖೆ ತೆರೆದು, 2024ರಲ್ಲಿ ನೂರು ವರ್ಷ ತುಂಬಿಸಿತು.