ಜಾಗಟೆಯ ದಾರ, ಮೃದಂಗದ ಕರಣೆ

ಹಲಸೂರಿನ ಸೋಮೇಶ್ವರ ದೇವಾಲಯದಲ್ಲಿ ಮಂಗಳಾರತಿಯ ಹೊತ್ತಿಗೆ ನಿಂತಾಗಲೆಲ್ಲ ನಾವು ಗಮನಿಸಿದ್ದೇವೆ: ಬಡಿತ ನಿಂತ ಮೇಲೂ ಗಂಟೆಯ ನಾದ ಉಳಿಯುತ್ತದೆ. ಕಂಚು ನಡುಗುವವರೆಗೆ ಸುತ್ತಲಿನ ಗಾಳಿಯೂ ನಡುಗುತ್ತದೆ. ಆ ನಡುಕವೇ ಕಿವಿಗೆ ನಾದ. ಮನೆಯ ಪೂಜೆಯಲ್ಲಿ ಮಗುವೊಂದು ದಾರ ಬಿಟ್ಟು ಜಾಗಟೆಯ ಅಂಚನ್ನೇ ಹಿಡಿದು ಬಡಿದರೆ ‘ಠಪ್’ ಎಂದಷ್ಟೇ ಕೇಳುವುದು. ಕಂಪನವನ್ನು ಬೆರಳುಗಳೇ ನುಂಗಿರುತ್ತವೆ. ಗದರುವುದಕ್ಕಿಂತ ದಾರ ಹಿಡಿಸಿ ಮತ್ತೊಮ್ಮೆ ಬಡಿಸುವುದು ಲೇಸು.

ಚರ್ಮವಾದ್ಯಗಳ ವಿಚಾರ ಇನ್ನೂ ಸೂಕ್ಷ್ಮವಾದುದು. ಬಿಗಿದ ಬರಿಯ ಚರ್ಮದಲ್ಲಿ ಏಳುವ ಕಂಪನಗಳು ಮೂಲಕಂಪನದ 1.59 ಪಟ್ಟು, 2.14 ಪಟ್ಟು ಎಂಬಂತೆ ಒಂದಕ್ಕೊಂದು ಹೊಂದದವು. ಆದುದರಿಂದ ಅಲ್ಲಿ ಸದ್ದುಂಟು, ಶ್ರುತಿಯಿಲ್ಲ. ಮೃದಂಗದ ಬಲಮುಖಕ್ಕೆ ಪದರಪದರವಾಗಿ ಹಚ್ಚುವ ಕಪ್ಪು ಕರಣೆಯ ಭಾರವು ಅವನ್ನು ಬಹುಮಟ್ಟಿಗೆ ಎರಡು, ಮೂರು, ನಾಲ್ಕು, ಐದು ಪಟ್ಟುಗಳ ಸಾಲಿಗೆ ತರುತ್ತದೆ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಸರ್ ಸಿ. ವಿ. ರಾಮನ್ನರು ಮರುವರ್ಷವೇ ಇದನ್ನು ವಿವರಿಸಿ ಪ್ರಕಟಿಸಿದರು.

ರಾಮನ್ನರ ಕೀರ್ತಿಗೆ ಕುಂದಿಲ್ಲದೆ ಒಂದು ಮಾತು: ಈ ಹದವನ್ನು ಗಣಿತದ ನೆರವಿಲ್ಲದೆ, ಕಿವಿಯಿಂದಲೇ ತಿದ್ದಿ ತಿದ್ದಿ ಸಾಧಿಸಿದವರು ಚರ್ಮಕಾಯಕದವರು. ಕರಣೆ ಉದುರಿ ಶ್ರುತಿ ಕೆಟ್ಟಾಗ ವಿದ್ವಾಂಸರು ಇಂದಿಗೂ ಹುಡುಕಿಕೊಂಡು ಹೋಗುವುದು ಅವರ ಅಂಗಡಿಯನ್ನೇ.