ಏಜೆಂಟ್ ಕೈಗೆ ಎಂಥ ಟೂಲ್ ಕೊಟ್ಟೆವು?

2023ರ ಅಕ್ಟೋಬರ್‌ನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಜೊತೆಗಾರರು ಭಾಷಾ ಮಾಡೆಲ್‌ಗಳಿಗೆ ಒಂದು ಪರೀಕ್ಷೆ ಒಡ್ಡಿದರು. ಹೆಸರು ಸ್ವೀ-ಬೆಂಚ್. ಜ್ಯಾಂಗೊ, ಮ್ಯಾಟ್‌ಪ್ಲಾಟ್‌ಲಿಬ್‌ನಂಥ 12 ಪೈಥಾನ್ ಪ್ರಾಜೆಕ್ಟ್‌ಗಳಲ್ಲಿ ಬಳಕೆದಾರರು ದೂರು ಕೊಟ್ಟು ಪ್ರೋಗ್ರಾಮರ್‌ಗಳು ಬಗೆಹರಿಸಿದ್ದ 2,294 ಸಮಸ್ಯೆಗಳು ಅದರಲ್ಲಿದ್ದವು. ಆಗ ಎಲ್ಲರಿಗಿಂತ ಮುಂದಿದ್ದ ಕ್ಲಾಡ್ 2 ಬಿಡಿಸಿದ್ದು ಶೇ 1.96ರಷ್ಟನ್ನು.

ಇಷ್ಟು ಕಡಿಮೆ ಅಂಕ ಬಂದರೆ ಮಾಡೆಲ್ ಇನ್ನೂ ದಡ್ಡ ಎಂದು ಷರಾ ಬರೆದು, ಮುಂದಿನ ಮಾಡೆಲ್‌ಗೆ ಕಾಯುತ್ತಾ ಕೂರಬಹುದಿತ್ತು. ಜಾನ್ ಯಾಂಗ್, ಕಾರ್ಲೋಸ್ ಹಿಮೆನೆಸ್, ಕಾರ್ತಿಕ್ ನರಸಿಂಹನ್ ಮೊದಲಾದವರಿದ್ದ ತಂಡ ಹಾಗೆ ಕೂರಲಿಲ್ಲ. ಪ್ರೋಗ್ರಾಮರ್‌ಗೆ ಬಣ್ಣಬಣ್ಣದ ಎಡಿಟರ್ ಇದೆ, ತಪ್ಪಿನ ಕೆಳಗೆ ಕೆಂಪು ಗೆರೆ ಎಳೆಯುವ ಸೌಲಭ್ಯವಿದೆ. ಮಾಡೆಲ್‌ಗೆ ಕಮಾಂಡ್ ಟೈಪಿಸುವ ಲಿನಕ್ಸ್ ಶೆಲ್ ಕೊಟ್ಟು ನೀನೂ ಮಾಡು ಅಂದರೆ ಆಗುತ್ತದೆಯೇ? ಶೆಲ್ ಕಟ್ಟಿದ್ದು ಮನುಷ್ಯರಿಗಾಗಿ. ಅಲ್ಲಿ ಒಂದು ಫೈಲ್ ಅಳಿಸಿದರೆ ಪರದೆಯ ಮೇಲೆ ಏನೂ ಬರುವುದಿಲ್ಲ. ಸುಮ್ಮನಿದೆ ಎಂದರೆ ಕೆಲಸ ಆಗಿದೆ ಎಂದು ನಮಗೆ ರೂಢಿಯಿಂದ ಗೊತ್ತು. ಈ ತಂಡ ಅದನ್ನೂ ಮಾಡೆಲ್‌ನ ಊಹೆಗೆ ಬಿಡದೆ, ಕಮಾಂಡ್ ಸರಿಯಾಗಿ ನಡೆಯಿತು, ಉತ್ತರವೇನೂ ಇಲ್ಲ ಎಂದು ಬಾಯಿಬಿಟ್ಟು ಹೇಳುವ ಏರ್ಪಾಟು ಮಾಡಿತು.

ಮಾಡೆಲ್ ತಾನೇ ಟೂಲ್ ಬಳಸಿ ಹೆಜ್ಜೆ ಹೆಜ್ಜೆಯಾಗಿ ಕೆಲಸ ಮಾಡುವ ವ್ಯವಸ್ಥೆಗೆ ಏಜೆಂಟ್ ಎನ್ನುತ್ತಾರೆ. 2024ರಲ್ಲಿ ಹೊರಬಂದ ಅವರ ಸ್ವೀ-ಏಜೆಂಟ್‌ನಲ್ಲಿ ಟೂಲ್‌ಗಳೆಂದರೆ ಮಾಡೆಲ್‌ಗೆಂದೇ ಮಾಡಿದ ಕೆಲವು ಕಮಾಂಡ್‌ಗಳು. ಪ್ರತಿಯೊಂದಕ್ಕೂ ಹೆಸರು, ಏನು ಕೊಡಬೇಕು, ಏನಾಗುತ್ತದೆ ಎಂಬ ಪುಟ್ಟ ವಿವರಣೆ. ಜಿಪಿಟಿ-4 ಟರ್ಬೊ ಎಂಬ ಮಾಡೆಲ್ ಅನ್ನು 300 ಸಮಸ್ಯೆಗಳ ಚಿಕ್ಕ ಪಟ್ಟಿಯ ಮೇಲೆ ಬಿಟ್ಟರು. ಬರೀ ಶೆಲ್ ಕೊಟ್ಟಾಗ ಶೇ 11, ಹೊಸ ಕಮಾಂಡ್‌ಗಳನ್ನು ಕೊಟ್ಟಾಗ ಶೇ 18. ಮಾಡೆಲ್ ಅದೇ, ಬುದ್ಧಿಯೂ ಅಷ್ಟೇ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಈ ಅಂಕಕ್ಕಿಂತ ಅವರು ಒಂದೊಂದೇ ಕಮಾಂಡ್ ಬದಲಿಸಿ ನೋಡಿದ ಪ್ರಯೋಗಗಳು. ಫೈಲನ್ನು ಒಮ್ಮೆಗೆ 100 ಸಾಲು ತೋರಿಸಿದಾಗ ಫಲಿತಾಂಶ ಶೇ 18. ಮೂವತ್ತೇ ಸಾಲು ತೋರಿಸಿದರೆ ಶೇ 14.3. ಇಡೀ ಫೈಲ್ ಸುರಿದರೆ ಶೇ 12.7! ಹುಡುಕಾಟದ್ದು ಇನ್ನೂ ಸ್ವಾರಸ್ಯ. ನಾವು ಎಡಿಟರ್‌ನಲ್ಲಿ ಮುಂದಿನದು, ಮುಂದಿನದು ಎಂದು ಒತ್ತುತ್ತಾ ಹೋಗುತ್ತೇವಲ್ಲ, ಅಂಥದ್ದೇ ಟೂಲ್ ಕೊಟ್ಟಾಗ ಏಜೆಂಟ್ ಎಲ್ಲ ಫಲಿತಾಂಶಗಳನ್ನೂ ನಿಷ್ಠೆಯಿಂದ ನೋಡುತ್ತಾ ಕೂತು ತನಗಿದ್ದ ಬಜೆಟ್ ಮುಗಿಸಿಕೊಂಡಿತು. ಅದಕ್ಕೆ ಬಂದದ್ದು ಶೇ 12. ಹುಡುಕುವ ವಿಶೇಷ ಟೂಲೇ ಇಲ್ಲದಾಗ ಶೇ 15.7 ಬಂದಿತ್ತು. ಮನುಷ್ಯರಿಗೆ ಅನುಕೂಲವಾದದ್ದು ಏಜೆಂಟ್‌ಗೆ ಅಡ್ಡಿಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕೊನೆಗೆ ಉಳಿದ ಟೂಲ್ 50 ಫಲಿತಾಂಶ ಮೀರಿದರೆ, ಇನ್ನಷ್ಟು ನಿಖರವಾಗಿ ಕೇಳು ಎಂದು ವಾಪಸ್ ಕಳಿಸುತ್ತಿತ್ತು.

ಇಷ್ಟರಲ್ಲಿ ಟೂಲ್‌ಗಳನ್ನು ಮಾಡೆಲ್‌ಗೆ ಒಪ್ಪಿಸುವ ರೀತಿಯೂ ಒಂದು ಅಚ್ಚಿಗೆ ಬಂದಿತ್ತು. 2023ರ ಜೂನ್‌ನಲ್ಲಿ ಓಪನ್‌ಎಐ ತಂದ ಫಂಕ್ಷನ್ ಕಾಲಿಂಗ್‌ನಲ್ಲಿ ಒಂದು ಟೂಲ್ ಎಂದರೆ ಹೆಸರು, ವಿವರಣೆ, ಕೊಡಬೇಕಾದ ಮಾಹಿತಿಯ ಪಟ್ಟಿ. ಒಳಗಿನ ಕೋಡ್ ಮಾಡೆಲ್ ಕಣ್ಣಿಗೆ ಬೀಳುವುದೇ ಇಲ್ಲ. ಯಾವಾಗ ಬಳಸಬೇಕು, ಯಾವಾಗ ಬಳಸಬಾರದು ಎಂದು ಅದು ನಿರ್ಧರಿಸುವುದು ಆ ನಾಲ್ಕು ಸಾಲು ಓದಿಯೇ. ಆದರೂ ನಮ್ಮವರು ಕೋಡ್‌ಗೆ ವಾರಗಟ್ಟಲೆ ಕೂತು, ವಿವರಣೆಯನ್ನು ಊಟಕ್ಕೆ ಏಳುವ ಮುಂಚೆ ಗೀಚಿ ಮುಗಿಸುತ್ತಾರೆ.

ಅದೇ ಸ್ವೀ-ಬೆಂಚ್‌ಗಾಗಿ ಏಜೆಂಟ್ ಕಟ್ಟುತ್ತಿದ್ದ ಆಂಥ್ರೊಪಿಕ್ ಕಂಪನಿಯವರು 2024ರ ಡಿಸೆಂಬರ್‌ನಲ್ಲಿ ಬರೆದದ್ದು ಇದಕ್ಕೆ ತದ್ವಿರುದ್ಧ: ಮುಖ್ಯ ಪ್ರಾಂಪ್ಟ್‌ಗಿಂತ ಹೆಚ್ಚು ಸಮಯ ಟೂಲ್‌ಗಳಿಗೇ ಹಿಡಿಯಿತಂತೆ. ಅವರ ಏಜೆಂಟ್ ಪ್ರಾಜೆಕ್ಟ್‌ನ ಮೂಲ ಫೋಲ್ಡರ್ ಬಿಟ್ಟು ಬೇರೆಡೆ ಹೋದ ಮೇಲೆ ಫೈಲ್‌ಗಳ ದಾರಿ ತಪ್ಪಿಸಿಕೊಳ್ಳುತ್ತಿತ್ತು. ತಾನು ಈಗ ನಿಂತಿರುವ ಜಾಗದಿಂದ ಲೆಕ್ಕ ಹಾಕಿದ ಅರ್ಧ ವಿಳಾಸ ಕೊಡುತ್ತಿದ್ದದ್ದೇ ಕಾರಣ. ಎಚ್ಚರದಿಂದಿರು ಎಂದು ಉಪದೇಶ ಹೇಳುವ ಬದಲು, ಮೂಲದಿಂದ ಹಿಡಿದು ಪೂರ್ತಿ ವಿಳಾಸವನ್ನೇ ಕೊಡಬೇಕು ಎಂದು ಟೂಲನ್ನು ಬದಲಿಸಿದರು. ತಪ್ಪು ನಿಂತಿತು.

ಇದಕ್ಕೆ ಅವರು ಬಳಸಿದ ಪದ ಪೋಕಾ-ಯೋಕೆ, ಅಂದರೆ ತಪ್ಪಾಗದಂತೆ ಮೊದಲೇ ತಡೆಯುವ ಏರ್ಪಾಟು. 1960ರ ದಶಕದ ಜಪಾನಿನ ಕಾರ್ಖಾನೆಗಳಿಂದ ಬಂದದ್ದು. ಸ್ವಿಚ್‌ಗೆ ಎರಡು ಸ್ಪ್ರಿಂಗ್ ಹಾಕಬೇಕಾದ ಕಾರ್ಮಿಕರು ಆಗಾಗ ಒಂದನ್ನು ಮರೆಯುತ್ತಿದ್ದರು. ಎಂಜಿನಿಯರ್ ಶಿಗೆಯೊ ಶಿಂಗೊ, ಮೊದಲು ಎರಡನ್ನೂ ಒಂದು ತಟ್ಟೆಯಲ್ಲಿಟ್ಟುಕೊಂಡು ಆಮೇಲೆ ಕೆಲಸ ಶುರು ಮಾಡಿ ಎಂದ. ತಟ್ಟೆಯಲ್ಲಿ ಸ್ಪ್ರಿಂಗ್ ಉಳಿದರೆ ಮರೆತದ್ದು ತಾನಾಗಿ ಗೊತ್ತಾಗುತ್ತಿತ್ತು.

ಕೆಲವೊಮ್ಮೆ ಟೂಲನ್ನು ಬದಲಿಸುವುದೂ ಬೇಕಾಗುವುದಿಲ್ಲ. ಆಂಥ್ರೊಪಿಕ್ 2025ರಲ್ಲಿ ಕ್ಲಾಡ್‌ಗೆ ವೆಬ್ ಹುಡುಕಾಟದ ಟೂಲ್ ಕೊಟ್ಟಾಗ, ಅದು ಹುಡುಕುವ ಪದಗಳಿಗೆ ಅನಗತ್ಯವಾಗಿ 2025 ಎಂದು ಸೇರಿಸುತ್ತಿತ್ತು. ಹಾಗಾಗಿ ಫಲಿತಾಂಶಗಳು ಒಂದೇ ಕಡೆ ವಾಲುತ್ತಿದ್ದವು. ಅದನ್ನು ಸರಿದಾರಿಗೆ ತಂದದ್ದು ಟೂಲ್ ವಿವರಣೆಯ ತಿದ್ದುಪಡಿ.