ಮೃದ್ವಸ್ಥಿಯಿಂದ ಜೀವಕೋಶಗಳ ಪ್ರತ್ಯೇಕೀಕರಣ ಮತ್ತು ಜೀನ್ ಅಭಿವ್ಯಕ್ತಿಯ ಅಧ್ಯಯನ

ಸವೆದ ಮಂಡಿಕೀಲನ್ನು ಬದಲಿಸುವ ಶಸ್ತ್ರಚಿಕಿತ್ಸೆಯು ಮಂಗಳೂರಿನ ಆಸ್ಪತ್ರೆಗಳಲ್ಲಿ ಇಂದು ವಾಡಿಕೆಯದಾಗಿದೆ. ಆಗ ಕತ್ತರಿಸಿ ತೆಗೆದ ಮೂಳೆಯ ತುದಿಗಳಲ್ಲಿ ಉಳಿದಿರುವ ಮೃದ್ವಸ್ಥಿಯು, ರೋಗಿಯ ಲಿಖಿತ ಸಮ್ಮತಿ ಹಾಗೂ ನೈತಿಕ ಸಮಿತಿಯ ಅನುಮತಿ ದೊರೆತಲ್ಲಿ, ಸಂಶೋಧಕರಿಗೆ ಬೆಲೆಯುಳ್ಳ ಸಾಮಗ್ರಿಯಾಗುತ್ತದೆ. ಈ ಅಂಗಾಂಶದಲ್ಲಿ ರಕ್ತನಾಳಗಳಿಲ್ಲ, ನರಗಳಿಲ್ಲ. ವಯಸ್ಕರಲ್ಲಿ ಜೀವಕೋಶಗಳ ಪಾಲು ಒಟ್ಟು ಗಾತ್ರದ ಶೇಕಡ 2ರ ಆಸುಪಾಸು ಮಾತ್ರ. ಉಳಿದುದು ನೀರು, ಎರಡನೆಯ ಬಗೆಯ ಕೊಲಾಜೆನ್ ತಂತುಗಳು ಮತ್ತು ಪ್ರೋಟಿಯೋಗ್ಲೈಕಾನ್‌ಗಳು.

ಈ ಗಟ್ಟಿ ಆವರಣವನ್ನು ಕರಗಿಸಲು ಸಾಮಾನ್ಯವಾಗಿ ಮೊದಲು ಪ್ರೋನೇಸ್, ಅನಂತರ ಕೊಲಾಜಿನೇಸ್ ಕಿಣ್ವವನ್ನು 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹಲವು ಗಂಟೆಗಳ ಕಾಲ ಬಳಸುತ್ತಾರೆ. ತೊಡಕು ಇರುವುದು ಇಲ್ಲಿಯೇ. ಜೀನ್ ಅಭಿವ್ಯಕ್ತಿ ಎಂದರೆ ಯಾವ ಜೀನುಗಳು ಆ ಹೊತ್ತಿನಲ್ಲಿ ಆರ್‌ಎನ್‌ಎ ರೂಪಕ್ಕೆ ನಕಲಾಗುತ್ತಿವೆ ಎಂಬುದು. ಆವರಣ ಕಳಚಿದೊಡನೆ ಜೀವಕೋಶವು ಒತ್ತಡಕ್ಕೊಳಗಾಗಿ ಬೇರೆ ಜೀನುಗಳನ್ನು ಚಾಲನೆಗೊಳಿಸುತ್ತದೆ. ಬಿಡಿಸುವ ಕ್ರಿಯೆಯೇ ಅಳೆಯಬೇಕಾದುದನ್ನು ಬದಲಿಸಿಬಿಡುತ್ತದೆ! ತಟ್ಟೆಯ ಮೇಲೆ ಬೆಳೆಸಿದರಂತೂ ಎರಡನೆಯ ಬಗೆಯ ಕೊಲಾಜೆನ್ ತಗ್ಗಿ ಒಂದನೆಯ ಬಗೆಯದು ಏರುತ್ತದೆ. ಅಂತಹ ಕೋಶಗಳನ್ನು ಅಗರೋಸ್ ಜೆಲ್‌ನಲ್ಲಿರಿಸಿದಾಗ ಮೂಲ ಗುಣಗಳು ಮರಳುತ್ತವೆಂದು ಬೆನ್ಯಾ ಮತ್ತು ಶಾಫರ್ 1982ರಲ್ಲಿ ತೋರಿಸಿದರು.

ಮೃದ್ವಸ್ಥಿಯ ಕೋಶಗಳೆಲ್ಲ ಒಂದೇ ಬಗೆಯವಲ್ಲ ಎಂಬುದು ಇನ್ನೊಂದು ಮಾತು. ಮೇಲ್ಪದರದವು ಕೀಲಿನ ಜಾರುವಿಕೆಗೆ ಬೇಕಾದ ಲೂಬ್ರಿಸಿನ್ ತಯಾರಿಸುತ್ತವೆ. ಆಳದವುಗಳ ಕೆಲಸ ಬೇರೆ. ಎಲ್ಲವನ್ನೂ ಕಲಸಿ ಅಳೆದರೆ ದೊರೆಯುವುದು ಸರಾಸರಿ ಮಾತ್ರ. 2004ರಲ್ಲಿ ಡೌಥ್‌ವೇಟ್ ಮತ್ತು ಸಂಗಡಿಗರು ಎಳೆಗರುಗಳ ಕೀಲಿನ ಮೇಲ್ಪದರದಲ್ಲಿ ಪೂರ್ವಗಾಮಿ ಕೋಶಗಳಿರುವುದನ್ನು ವರದಿ ಮಾಡಿದರು. ಫೈಬ್ರೊನೆಕ್ಟಿನ್ ಲೇಪಿಸಿದ ತಟ್ಟೆಯಲ್ಲಿ 20 ನಿಮಿಷ ಬಿಟ್ಟು, ಅಂಟದವುಗಳನ್ನು ತೊಳೆದು, ಅಂಟಿದವುಗಳನ್ನು ಉಳಿಸಿಕೊಳ್ಳುವ ಸರಳ ವಿಧಾನವದು. ಆದರೆ ಅಂಟಿದವುಗಳೆಲ್ಲ ಪೂರ್ವಗಾಮಿಗಳೇ ಎಂದು ಭಾವಿಸುವುದು ಅವಸರವೆಂದು ನನ್ನ ಅಭಿಪ್ರಾಯ. ಅವುಗಳಿಗಷ್ಟೇ ಮೀಸಲಾದ ಖಚಿತ ಗುರುತು ಇಲ್ಲ.

ಈ ಎಚ್ಚರ ನಮ್ಮ ನಾಡಿಗೆ ದೂರದ್ದಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆಯು ತಲೆಮಾರುಗಳಲ್ಲಿ ಹರಿದುಬರುವ ಅಸ್ಥಿ-ಕೀಲುಗಳ ವಿಕಾರ. ಸೊಂಟದ ಕೀಲನ್ನು ಕೆಡಿಸಿ ನಡಿಗೆಯನ್ನೇ ಕಸಿಯುತ್ತದೆ. ಅಂತಹ ರೋಗಿಯ ಮೃದ್ವಸ್ಥಿ ದೊರೆಯುವುದಿದ್ದರೆ ಚೂರಷ್ಟೇ, ಒಮ್ಮೆಯಷ್ಟೇ. ಅದನ್ನು ಎಂಟು ಗಂಟೆ ಕಿಣ್ವದಲ್ಲಿರಿಸಿ, ಹೋಲಿಕೆಯ ಮಾದರಿಯನ್ನು ಮೂರೇ ಗಂಟೆಯಲ್ಲಿ ಬಿಡಿಸಿದರೆ, ಕಾಣುವ ವ್ಯತ್ಯಾಸ ರೋಗದ್ದೋ ಕಿಣ್ವದ್ದೋ ಹೇಳಲಾಗದು. ಆದುದರಿಂದ ಒಂದು ಭಾಗವನ್ನು ಶಸ್ತ್ರಚಿಕಿತ್ಸಾ ಕೊಠಡಿಯಿಂದಲೇ ದ್ರವ ಸಾರಜನಕಕ್ಕೆ ಹಾಕಿ, ಹೆಪ್ಪುಗಟ್ಟಿದಂತೆಯೇ ಪುಡಿಮಾಡಿ ಆರ್‌ಎನ್‌ಎ ತೆಗೆಯುವುದು ಒಳ್ಳೆಯದು. ಇಳುವರಿ ಅಲ್ಪ, ಪ್ರೋಟಿಯೋಗ್ಲೈಕಾನ್‌ಗಳ ಕಲಬೆರಕೆಯೂ ಉಂಟು. ಆದರೂ ಬಿಡಿಸಿದ ಕೋಶಗಳ ಫಲಿತಾಂಶವನ್ನು ಒರೆಗೆ ಹಚ್ಚಲು ಅದೊಂದು ಆಧಾರ. ಅಂಗಾಂಶ ತೆಗೆದ ಹೊತ್ತು, ಹೆಪ್ಪುಗಟ್ಟಿಸಿದ ಹೊತ್ತು, ಕಿಣ್ವದಲ್ಲಿದ್ದ ಅವಧಿ ಇವು ಪ್ರತಿ ಮಾದರಿಯ ಚೀಟಿಯಲ್ಲಿಯೂ ದಾಖಲಾಗಿರಬೇಕು.